ಹಿಡಕಲ್ ಸೀಮೆಯ ಬೆಲೆಯೇರಿಕೆ: ಹೊರೆ ಕಬ್ಬಿನ ಬಿಲ್ಲಿಗೆ ಇಳಿಯುವ ಬಗೆ

ಹಿಡಕಲ್ ಡ್ಯಾಂ (ಬೆಳಗಾವಿ ಜಿಲ್ಲೆ): ಇಂಧನ ದುಬಾರಿಯಾದರೆ ನಗರವಾಸಿಗೆ ಅದು ಗೊತ್ತಾಗುವುದು ಪೆಟ್ರೋಲ್ ಬಂಕ್‌ನ ದರಫಲಕದಲ್ಲಿ. ಘಟಪ್ರಭಾ ದಂಡೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲೂಕುಗಳ ರೈತನಿಗೆ ಅದು ಎರಡು ಬಾರಿ ಗೊತ್ತಾಗುತ್ತದೆ. ಮೊದಲನೆಯದು ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸುವಾಗ. ಎರಡನೆಯದು ತಿಂಗಳುಗಳು ಕಳೆದ ಮೇಲೆ, ಸಕ್ಕರೆ ಕಾರ್ಖಾನೆಯಿಂದ ಬರುವ ಕಬ್ಬಿನ ಬಿಲ್ಲಿನಲ್ಲಿ 'ಕಟಾವು ಮತ್ತು ಸಾಗಾಣಿಕೆ' ಎಂಬ ಸಾಲಿನೆದುರು ಕಡಿತವಾದ ಮೊತ್ತವನ್ನು ಓದುವಾಗ. ಈ ಸೀಮೆಯ ಜನ ಬೆಲೆಯೇರಿಕೆಯನ್ನು ಹೇಗೆ ತಾಳಿಕೊಂಡಿದ್ದಾರೆ ಎಂಬುದನ್ನು ಅರಿಯಲು ಆ ಒಂದು ಸಾಲಿನಿಂದಲೇ ಆರಂಭಿಸಬೇಕಾಗುತ್ತದೆ.

ಹುಕ್ಕೇರಿ ತಾಲೂಕಿನ ಹಿಡಕಲ್ ಬಳಿ ಘಟಪ್ರಭಾ ನದಿಗೆ ಕಟ್ಟಲಾದ ರಾಜಾ ಲಖಮಗೌಡ ಜಲಾಶಯ 1977ರಲ್ಲಿ ಪೂರ್ಣಗೊಂಡಿತು. ಗರಿಷ್ಠ ಮಟ್ಟ 2,175 ಅಡಿ, ಸಂಗ್ರಹ ಸಾಮರ್ಥ್ಯ 51 ಟಿಎಂಸಿ. ಇದಕ್ಕೂ ಮೊದಲೇ, ಬ್ರಿಟಿಷರ ಕಾಲದಲ್ಲಿ, ಕೆಳಗಿನ ಧೂಪದಾಳದಲ್ಲಿ ಅಡ್ಡಗಟ್ಟೆ ಕಟ್ಟಿ ಕಾಲುವೆಗೆ ನೀರು ಹರಿಸಲಾಗಿತ್ತು. ಅಣೆಕಟ್ಟೆ ಬಂದ ಬಳಿಕ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಮೂರು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಭೂಮಿ ಈ ಯೋಜನೆಯ ವ್ಯಾಪ್ತಿಗೆ ಬಂತು. ನೀರು ಬಂದ ಕಡೆ ಜೋಳ, ಗೋವಿನಜೋಳಗಳ ಜಾಗವನ್ನು ಕಬ್ಬು ಹಿಡಿಯಿತು. ಜೋಳ ಬೆಳೆಯುವ ರೈತನಿಗೆ ಮಾರುಕಟ್ಟೆ ಕೈಕೊಟ್ಟರೂ ಮನೆಯ ಬುಟ್ಟಿಯಲ್ಲಿ ರೊಟ್ಟಿ ಇರುತ್ತಿತ್ತು. ಕಬ್ಬು ಹಾಗಲ್ಲ. ಹನ್ನೆರಡು ಹದಿನಾಲ್ಕು ತಿಂಗಳು ಹೊಲದಲ್ಲಿ ನಿಂತು, ಕಾರ್ಖಾನೆಯ ತೂಕದ ಸೇತುವೆ ದಾಟಿದ ಬಳಿಕವಷ್ಟೇ ಅದು ದುಡ್ಡಾಗುತ್ತದೆ. ಅಲ್ಲಿಯವರೆಗೆ ಮನೆಯ ಖರ್ಚು ಸಾಲದ ಮೇಲೆ ನಡೆಯುತ್ತದೆ.

ಗಡಿಯ ಲಾಭ ಕರಗಿದ ಬಗೆ

ಈ ಭಾಗಕ್ಕೆ ಬಹುಕಾಲ ಒಂದು ಅನುಕೂಲವಿತ್ತು. ಪುಣೆ-ಬೆಂಗಳೂರು ಹೆದ್ದಾರಿ ಹುಕ್ಕೇರಿ ತಾಲೂಕಿನ ಸಂಕೇಶ್ವರ, ಹತ್ತರಗಿ, ಯಮಕನಮರಡಿಗಳ ಮೂಲಕ ಹಾದುಹೋಗುತ್ತದೆ. ಮಹಾರಾಷ್ಟ್ರಕ್ಕಿಂತ ಕರ್ನಾಟಕದಲ್ಲಿ ಡೀಸೆಲ್ ಅಗ್ಗವಾಗಿದ್ದ ವರ್ಷಗಳಲ್ಲಿ ಆಚೆ ಕಡೆಯ ಲಾರಿಗಳು ಗಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಂಡು ಮುಂದಕ್ಕೆ ಸಾಗುತ್ತಿದ್ದವು. ಹೆದ್ದಾರಿಯ ಬಂಕ್‌ಗಳ ಸುತ್ತ ಖಾನಾವಳಿ, ಪಂಕ್ಚರ್ ಅಂಗಡಿ, ಚಹಾದಂಗಡಿಗಳು ಬೆಳೆದದ್ದರ ಹಿಂದೆ ಈ ದರ ವ್ಯತ್ಯಾಸದ ಪಾಲೂ ಇದೆ.

ಇಂಧನ ದರ ಸರಕಾರದ ಹಿಡಿತದಿಂದ ಹೊರಬಿದ್ದ ದಿನಾಂಕಗಳನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಪೆಟ್ರೋಲ್ 2010ರ ಜೂನ್‌ನಲ್ಲಿ, ಡೀಸೆಲ್ 2014ರ ಅಕ್ಟೋಬರ್‌ನಲ್ಲಿ ನಿಯಂತ್ರಣಮುಕ್ತವಾದವು. 2017ರ ಜೂನ್ 16ರಿಂದ ದೇಶಾದ್ಯಂತ ನಿತ್ಯ ದರ ಪರಿಷ್ಕರಣೆ ಜಾರಿಯಾಯಿತು. 2021ರಲ್ಲಿ ಪೆಟ್ರೋಲ್ ನೂರರ ಗಡಿ ದಾಟಿತು. ಅದೇ ನವೆಂಬರ್‌ನಲ್ಲಿ ಕೇಂದ್ರವು ಅಬಕಾರಿ ಸುಂಕವನ್ನು ಪೆಟ್ರೋಲಿಗೆ 5, ಡೀಸೆಲ್‌ಗೆ 10 ರೂ. ಇಳಿಸಿದರೆ, ರಾಜ್ಯ ಸರಕಾರ ತನ್ನ ಕಡೆಯಿಂದ ಎರಡಕ್ಕೂ ತಲಾ 7 ರೂ. ಇಳಿಸಿತು. ಗಡಿ ಭಾಗದ ಬಂಕ್‌ಗಳಿಗೆ ಅದು ಸುಗ್ಗಿಯ ಕಾಲ.

ಆ ಸುಗ್ಗಿ ಹೆಚ್ಚು ಕಾಲ ಉಳಿಯಲಿಲ್ಲ. 2024ರ ಜೂನ್ 15ರಂದು ರಾಜ್ಯ ಸರಕಾರ ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ಶೇ. 25.92ರಿಂದ 29.84ಕ್ಕೆ, ಡೀಸೆಲ್‌ಗೆ ಶೇ. 14.3ರಿಂದ 18.4ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಶೇ. 21.17ಕ್ಕೆ ಏರಿತು. ಬೆಂಗಳೂರಿನ ದರವನ್ನು ಆಧಾರವಾಗಿಟ್ಟುಕೊಂಡರೆ 2024ರ ಜೂನ್ ಆರಂಭದಲ್ಲಿ 86 ರೂ.ಗಳ ಆಸುಪಾಸಿನಲ್ಲಿದ್ದ ಲೀಟರ್ ಡೀಸೆಲ್ ಹತ್ತು ತಿಂಗಳಲ್ಲಿ 91 ರೂ. ಮುಟ್ಟಿತು. ಅಂತಾರಾಷ್ಟ್ರೀಯ ಮಾರುಕಟ್ಟೆ ಏರದೆಯೇ, ತೆರಿಗೆಯೊಂದರಿಂದಲೇ ಆದ ಏರಿಕೆ ಇದು. ಐದು ಗ್ಯಾರಂಟಿ ಯೋಜನೆಗಳ ಖರ್ಚು ಹೊಂದಿಸಲು ಹೀಗೆ ಮಾಡಲಾಯಿತು ಎಂದು ವಿರೋಧ ಪಕ್ಷಗಳು ಆರೋಪಿಸಿದವು. ನೆರೆ ರಾಜ್ಯಗಳಿಗೆ ಹೋಲಿಸಿದರೆ ದರ ಹೆಚ್ಚಲ್ಲವೆಂಬುದು ಸರಕಾರದ ಸಮರ್ಥನೆಯಾಗಿತ್ತು. ಎರಡೂ ಮಾತುಗಳಲ್ಲಿ ಹುರುಳಿದೆ. ಆದರೆ ಗಡಿಯ ಬಂಕ್‌ಗೆ ಬೇಕಾದದ್ದು 'ಹೆಚ್ಚಲ್ಲ' ಎಂಬ ದರವಲ್ಲ, 'ಕಡಿಮೆ' ಎಂಬ ದರ. ಅದು ಬಹುಮಟ್ಟಿಗೆ ಕೈತಪ್ಪಿತು.

ಒಂದು ಟನ್ ಕಬ್ಬಿನ ಲೆಕ್ಕ

ಕಬ್ಬಿಗೆ ಕೇಂದ್ರ ಸರಕಾರ ನಿಗದಿಪಡಿಸುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, 2025-26ರ ಹಂಗಾಮಿಗೆ ಶೇ. 10.25 ಇಳುವರಿಗೆ ಟನ್ನಿಗೆ 3,550 ರೂ. ಇಳುವರಿ ಎಂದರೆ ನೂರು ಕಿಲೋ ಕಬ್ಬಿನಿಂದ ಬರುವ ಸಕ್ಕರೆಯ ಪ್ರಮಾಣ. ಅದು ಹೆಚ್ಚಿದಂತೆ ಬೆಲೆಯೂ ಹೆಚ್ಚುತ್ತದೆ. ಶೇ. 11.25 ಇಳುವರಿಗೆ ಲೆಕ್ಕ ಹಾಕಿದರೆ ಟನ್ನಿಗೆ ಸುಮಾರು 3,896 ರೂ. ಆಗುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ದರವೇ.

ಆದರೆ ಇದು ಕಾರ್ಖಾನೆಯ ಬಾಗಿಲಿಗೆ ತಲುಪಿಸಿದ ಕಬ್ಬಿನ ಬೆಲೆ. ಹೊಲದಲ್ಲಿ ಕಡಿದು, ಸಿವುಡು ಕಟ್ಟಿ, ಟ್ರ್ಯಾಕ್ಟರಿಗೆ ಹೇರಿ ಬಾಗಿಲಿಗೆ ತರುವ ಖರ್ಚು ರೈತನದು. ಗ್ಯಾಂಗ್ ಗೊತ್ತುಪಡಿಸುವುದು, ವಾಹನ ಕಳಿಸುವುದು ಕಾರ್ಖಾನೆ; ಹಣ ಮಾತ್ರ ರೈತನ ಬಿಲ್ಲಿನಿಂದ ಕಡಿತ. 2025ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಪ್ರಧಾನಿಗೆ ಬರೆದ ಪತ್ರದಲ್ಲಿ ಈ ವೆಚ್ಚ ಟನ್ನಿಗೆ 800ರಿಂದ 900 ರೂ. ಎಂದೂ, ಕಡಿತದ ನಂತರ ರೈತನ ಕೈಗೆ ಸಿಗುವುದು 2,600ರಿಂದ 3,000 ರೂ. ಎಂದೂ ತಿಳಿಸಿದ್ದರು. ಡೀಸೆಲ್ ಏರಿದರೆ, ಕೂಲಿ ಏರಿದರೆ, ಟೈರ್ ಬೆಲೆ ಏರಿದರೆ, ಎಲ್ಲವೂ ಈ ಒಂದೇ ಸಾಲಿನೊಳಗೆ ಬಂದು ಸೇರುತ್ತವೆ.

ಇದರಲ್ಲಿ ಡೀಸೆಲ್‌ನ ಪಾಲೆಷ್ಟು? ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿಕೊಂಡು 20 ಟನ್ ಕಬ್ಬು ಸಾಗಿಸಲು ಹೋಗಿಬರುವುದಕ್ಕೆ 20 ಲೀಟರ್ ಡೀಸೆಲ್ ಉರಿಸುತ್ತದೆ ಎಂದಿಟ್ಟುಕೊಳ್ಳೋಣ. ಲೀಟರಿಗೆ 5 ರೂ. ಏರಿದರೆ ಒಂದು ಸರತಿಗೆ 100 ರೂ., ಟನ್ನಿಗೆ ಐದೇ ರೂಪಾಯಿ. ಹಾಗಾದರೆ ಇಷ್ಟೊಂದು ಕೂಗೇಕೆ ಎಂದು ಓದುಗರು ಕೇಳಬಹುದು. ಉತ್ತರವೆಂದರೆ, ಡೀಸೆಲ್ ಒಮ್ಮೆ ಮಾತ್ರ ಉರಿಯುವುದಿಲ್ಲ. ನೇಗಿಲು, ರೋಟರ್, ಸಾಲು ಬಿಡುವುದು, ಗೊಬ್ಬರ ಸಾಗಿಸುವುದು, ಕುಳೆ ಸವರುವುದು ಎಲ್ಲಕ್ಕೂ ಬಾಡಿಗೆ ಟ್ರ್ಯಾಕ್ಟರನ್ನೇ ನೆಚ್ಚಿದ ಸಣ್ಣ ಹಿಡುವಳಿದಾರನಿಗೆ ಪ್ರತಿ ಸರತಿಯ ಬಾಡಿಗೆಯೂ ಏರುತ್ತದೆ. ಡೀಸೆಲ್ 5 ರೂ. ಏರಿದಾಗ ಬಾಡಿಗೆ ಐದೇ ರೂಪಾಯಿಯ ಲೆಕ್ಕದಲ್ಲಿ ಏರುವುದಿಲ್ಲ. ಡೀಸೆಲ್ ಇಳಿದಾಗ ಬಾಡಿಗೆ ಇಳಿದ ಉದಾಹರಣೆಯಂತೂ ವಿರಳ.

ಕಡಿತದ ಸಾಲಿನಲ್ಲಿ ದೊಡ್ಡ ಪಾಲು ಕೂಲಿಯದು. ಕಬ್ಬು ಕಡಿಯುವ ಗ್ಯಾಂಗ್‌ಗಳು ಹೆಚ್ಚಾಗಿ ವಿಜಯಪುರ ಜಿಲ್ಲೆಯಿಂದ ಮತ್ತು ಮಹಾರಾಷ್ಟ್ರದ ಬೀಡ್ ಕಡೆಯಿಂದ ಬರುತ್ತವೆ. ಹಂಗಾಮಿಗೆ ಮೊದಲೇ ಮುಂಗಡ ಪಡೆದು, ಹೆಂಡತಿ ಮಕ್ಕಳೊಂದಿಗೆ ಬಂದು ಗುಡಿಸಲು ಹಾಕಿಕೊಂಡು ನಾಲ್ಕೈದು ತಿಂಗಳು ದುಡಿಯುವ ಇವರಿಗೂ ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಏರಿದೆ. ಕಾರ್ಖಾನೆ ಕೊಡುವ ದರ ಸಾಲದೆಂದು ಕೆಲವೆಡೆ ಗ್ಯಾಂಗ್‌ಗಳು ರೈತನಿಂದ ನೇರವಾಗಿ ಹೆಚ್ಚುವರಿ ಹಣ ಪಡೆಯುತ್ತವೆ. ಇದಕ್ಕೆ ಸ್ಥಳೀಯವಾಗಿ ಲಗಾಣಿ ಎನ್ನುತ್ತಾರೆ. ಬಿಲ್ಲಿನಲ್ಲಿ ಕಾಣದ ಖರ್ಚು ಇದು. ಕೊಡದಿದ್ದರೆ ಸರತಿ ಹಿಂದೆ ಬೀಳುತ್ತದೆ, ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಬಡವನ ಬೆಲೆಯೇರಿಕೆಯನ್ನು ಇನ್ನೊಬ್ಬ ಬಡವ ತುಂಬಿಕೊಡುವ ವ್ಯವಸ್ಥೆ ಇದೆಂದರೆ ತಪ್ಪಾಗಲಾರದು.

ಗುರ್ಲಾಪುರ ಕ್ರಾಸ್

2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಗುರ್ಲಾಪುರ ಕ್ರಾಸ್ 2025ರ ಅಕ್ಟೋಬರ್ ಅಂತ್ಯದಲ್ಲಿ ರಾಜ್ಯದ ಗಮನ ಸೆಳೆಯಿತು. ಹಂಗಾಮಿನ ಆರಂಭಕ್ಕೇ ಟನ್ನಿಗೆ 3,500 ರೂ. ದರ ಘೋಷಿಸಬೇಕೆಂದು ಪಟ್ಟು ಹಿಡಿದು ಸಾವಿರಾರು ಬೆಳೆಗಾರರು ರಾಜ್ಯ ರೈತ ಸಂಘ ಹಾಗೂ ಹಸಿರು ಸೇನೆಯ ನೇತೃತ್ವದಲ್ಲಿ ಅಲ್ಲಿ ಹಗಲಿರುಳು ಧರಣಿ ಕುಳಿತರು. ಹಳ್ಳಿಗಳಿಂದ ರೊಟ್ಟಿ, ಪಲ್ಯ, ದವಸ ಬಂದವು. ಮೂಡಲಗಿ, ಗೋಕಾಕ, ಚಿಕ್ಕೋಡಿ, ಅಥಣಿ ಭಾಗಗಳಲ್ಲಿ ಬಂದ್ ನಡೆದವು. ಸಚಿವರು ಬಂದು ಹೋದರು, ವಿರೋಧ ಪಕ್ಷದ ನಾಯಕರು ಬಂದು ಕುಳಿತರು.

ಜಿಲ್ಲಾಡಳಿತ ಮುಂದಿಟ್ಟಿದ್ದ ಪ್ರಸ್ತಾವ, ಶೇ. 11.25 ಇಳುವರಿಯ ಕಬ್ಬಿಗೆ ಕಟಾವು-ಸಾಗಾಣಿಕೆ ಹೊರತುಪಡಿಸಿ 3,200 ರೂ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ಕಾರ್ಖಾನೆ ಮಾಲೀಕರು ಹಾಗೂ ರೈತ ಮುಖಂಡರೊಂದಿಗೆ ಸಭೆ ನಡೆಸಿ, ಕಾರ್ಖಾನೆಯಿಂದ 50, ಸರಕಾರದಿಂದ 50 ರೂ. ಸೇರಿಸಿ 3,300 ರೂ. ನಿಗದಿಪಡಿಸಿದರು. ಅದೇ ದಿನ ಹತ್ತರಗಿ ಟೋಲ್ ಬಳಿ ಹೆದ್ದಾರಿ ತಡೆ ಸಂದರ್ಭದಲ್ಲಿ ಕಲ್ಲು ತೂರಾಟವೂ ನಡೆಯಿತು. ಮರುದಿನ ಗುರ್ಲಾಪುರದಲ್ಲಿ ವಿಜಯೋತ್ಸವ ನಡೆಯಿತು.

ಈ ನೂರು ರೂಪಾಯಿಯ ಬೆಲೆ ಎಷ್ಟು? ಎರಡು ಎಕರೆ ಕಬ್ಬಿರುವ, ಎಕರೆಗೆ 40 ಟನ್ ಬೆಳೆಯುವ ಕುಟುಂಬಕ್ಕೆ ಅದು ವರ್ಷಕ್ಕೆ 8,000 ರೂ. ಬೇಡಿಕೆಯಂತೆ 3,500 ಸಿಕ್ಕಿದ್ದರೆ ಇನ್ನೂ 16,000 ರೂ. ಹೆಚ್ಚಾಗುತ್ತಿತ್ತು. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯಿಂದ ಬರುವುದು, ಕಂತುಗಳು ತಪ್ಪದಿದ್ದರೆ, ವರ್ಷಕ್ಕೆ 24,000 ರೂ. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಟನ್ನಿಗೆ ನೂರಿನ್ನೂರು ರೂಪಾಯಿಗಾಗಿ ಜನ ಹತ್ತು ರಾತ್ರಿ ರಸ್ತೆಯಲ್ಲಿ ಮಲಗಿದ್ದೇಕೆ ಎಂಬುದು ಸ್ಪಷ್ಟವಾಗುತ್ತದೆ. ಹಳೆಯ ನೋವೂ ಹಿಂದಿತ್ತು. 2013ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ವೇಳೆ ಕಬ್ಬಿನ ದರಕ್ಕಾಗಿ ನಡೆದ ಧರಣಿಯಲ್ಲಿ ಪಕ್ಕದ ರಾಯಬಾಗ ತಾಲೂಕಿನ ಬೆಳೆಗಾರರೊಬ್ಬರು ವಿಷ ಸೇವಿಸಿ ಪ್ರಾಣ ಬಿಟ್ಟಿದ್ದರು.

ಕಾರ್ಖಾನೆಗಳ ವಾದವನ್ನೂ ಇಲ್ಲಿ ಹೇಳಬೇಕು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ಕೇಂದ್ರ 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂ.ಗೆ ನಿಗದಿಪಡಿಸಿತು. ಎಫ್‌ಆರ್‌ಪಿ ವರ್ಷದಿಂದ ವರ್ಷಕ್ಕೆ ಏರಿದರೂ 2025ರ ನವೆಂಬರ್ ಹೋರಾಟದ ವೇಳೆಗೂ ಆ 31 ರೂ. ಕದಲಿರಲಿಲ್ಲ. ಎಥೆನಾಲ್ ಖರೀದಿಯಲ್ಲಿ ರಾಜ್ಯಕ್ಕೆ ಸಿಗುವ ಪಾಲು ಕಡಿಮೆ ಎಂಬುದು ಮತ್ತೊಂದು ದೂರು. ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಹೀಗೆ ಈ ಸೀಮೆಯ ಕಬ್ಬಿನ ರಸವೇ ಇಂಧನವಾಗಿ ಬೈಕಿನ ಟ್ಯಾಂಕ್ ಸೇರುತ್ತದೆ. ಬೆಳೆದವನು ಬಂಕ್‌ನಲ್ಲಿ ನಿಂತು ಅದನ್ನು ನೂರರ ಮೇಲಿನ ದರಕ್ಕೆ ಕೊಳ್ಳುತ್ತಾನೆ. ಎಫ್‌ಆರ್‌ಪಿ ಲೆಕ್ಕ ನಿಂತಿರುವುದು ಸಕ್ಕರೆ ಇಳುವರಿಯ ಮೇಲೆ ಎಂಬುದನ್ನು ರೈತ ಸಂಘಟನೆಗಳು ಮತ್ತೆ ಮತ್ತೆ ಪ್ರಶ್ನಿಸಿರುವುದು ಇದೇ ಕಾರಣಕ್ಕೆ.

ತಾಲೂಕಿನದೇ ವಿದ್ಯುತ್ ಸಂಘ

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಸಂಗತಿಯೆಂದರೆ, ಹುಕ್ಕೇರಿ ತಾಲೂಕಿನ ಮನೆಗಳಿಗೆ ಕರೆಂಟ್ ಕೊಡುವುದು ಹೆಸ್ಕಾಂ ಅಲ್ಲ, ಗ್ರಾಹಕರೇ ಸದಸ್ಯರಾಗಿರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದಾಗ ದೇಶದಲ್ಲಿ ಪ್ರಾಯೋಗಿಕವಾಗಿ ಐದು ಸಹಕಾರಿ ವಿದ್ಯುತ್ ಸಂಘಗಳನ್ನು ಆರಂಭಿಸಲಾಯಿತು. ಗುಜರಾತಿನ ಕೋಡಿನಾರ್, ಉತ್ತರ ಪ್ರದೇಶದ ಲಖನೌ, ಆಂಧ್ರದ ಸಿರಿಸಿಲ್ಲ (ಇಂದಿನ ತೆಲಂಗಾಣ), ಮಹಾರಾಷ್ಟ್ರದ ಮುಳಾ-ಪ್ರವರಾ ಮತ್ತು ನಮ್ಮ ಹುಕ್ಕೇರಿ. ಇವುಗಳಲ್ಲಿ ಮುಳಾ-ಪ್ರವರಾ 2011ರಲ್ಲಿ ವಿತರಣೆಯಿಂದ ಹಿಂದೆ ಸರಿಯಿತು. ಹುಕ್ಕೇರಿ ಸಂಘ ಉಳಿದುಕೊಂಡಿತು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂತೆಯೇ ಈ ಸಂಘದೊಂದಿಗೂ ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಹೆಸರು ಬೆಸೆದುಕೊಂಡಿದೆ.

ಸಹಕಾರಿ ಸಂಘವೆಂದ ಮಾತ್ರಕ್ಕೆ ಕರೆಂಟ್ ಅಗ್ಗವೆಂದು ಭಾವಿಸಬೇಕಾಗಿಲ್ಲ. ದರ ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೇ. ಆದರೆ ಟಿಸಿ ಸುಟ್ಟರೆ, ಬಿಲ್ಲು ತಪ್ಪಾದರೆ ಕೇಳಲು ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಿಲ್ಲ. ಆಡಳಿತ ಮಂಡಳಿಯ ಸದಸ್ಯ ಪಕ್ಕದ ಊರಿನವನೇ ಆಗಿರುತ್ತಾನೆ, ಮತ ಕೇಳಲು ಮತ್ತೆ ಬರಬೇಕಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ನಡೆದ ಸಂಘದ ಚುನಾವಣೆಗೆ ಜಿಲ್ಲೆಯ ಘಟಾನುಘಟಿ ನಾಯಕರೇ ಪ್ರಚಾರಕ್ಕಿಳಿದದ್ದು ಅದರ ಮಹತ್ವಕ್ಕೆ ಸಾಕ್ಷಿ. ಇನ್ನೂರು ಯೂನಿಟ್‌ವರೆಗಿನ ಗೃಹಜ್ಯೋತಿ ಸೌಲಭ್ಯ 2023ರಲ್ಲಿ ಜಾರಿಯಾದಾಗ ಎಸ್ಕಾಂಗಳ ಪಟ್ಟಿಯಲ್ಲಿ ಈ ಸಂಘದ ಹೆಸರೂ ಇತ್ತು.

10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ಇರುವುದರಿಂದ ನೀರೆತ್ತುವ ಖರ್ಚು ಕಾಲುವೆ ಇಲ್ಲದ ಹೊಲಕ್ಕೂ ಹೊರೆಯಾಗಿಲ್ಲ. ಡೀಸೆಲ್ ಇಂಜಿನ್‌ಗಳು ಮೂಲೆ ಸೇರಿವೆ. ಬದಲಿಗೆ ರೈತ ತೆರುವುದು ನಿದ್ದೆಯ ರೂಪದಲ್ಲಿ, ತ್ರಿಫೇಸ್ ಕರೆಂಟ್ ರಾತ್ರಿ ಸರತಿಯಲ್ಲಿ ಬಂದಾಗ ಹಾವು-ಚೇಳಿನ ನಡುವೆ ನೀರು ಹಾಯಿಸುತ್ತ.

ಒಲೆ, ಸಿಲಿಂಡರ್, ಖಡಕ್ ರೊಟ್ಟಿ

ಉಜ್ವಲ ಯೋಜನೆ 2016ರ ಮೇ 1ರಂದು ಆರಂಭವಾದ ಬಳಿಕ ಈ ಭಾಗದ ಬಹುತೇಕ ಮನೆಗಳಿಗೆ ಗ್ಯಾಸ್ ಬಂತು, ಆದರೆ ಒಲೆ ಹೊರಗೆ ಹೋಗಲಿಲ್ಲ. 14.2 ಕಿಲೋ ಸಿಲಿಂಡರ್ 2022ರ ಮೇ ತಿಂಗಳಲ್ಲಿ ಸಾವಿರ ರೂ. ದಾಟಿತು. 2023ರ ಆಗಸ್ಟ್‌ನಲ್ಲಿ 200 ರೂ., 2024ರ ಮಾರ್ಚ್‌ನಲ್ಲಿ 100 ರೂ. ಇಳಿಕೆಯಾಗಿ, 2025ರ ಏಪ್ರಿಲ್‌ನಲ್ಲಿ ಮತ್ತೆ 50 ರೂ. ಏರಿತು. ಉಜ್ವಲ ಫಲಾನುಭವಿಗಳಿಗೆ 2023ರ ಅಕ್ಟೋಬರ್‌ನಿಂದ ಸಿಲಿಂಡರಿಗೆ 300 ರೂ. ಸಬ್ಸಿಡಿ ಸಿಕ್ಕರೂ ಮೊದಲು ಪೂರ್ತಿ ಹಣ ಕೊಟ್ಟೇ ಸಿಲಿಂಡರ್ ಇಳಿಸಿಕೊಳ್ಳಬೇಕು.

ಹೀಗಾಗಿ ಗೃಹಿಣಿಯರು ತಮ್ಮದೇ ಹಂಚಿಕೆ ಮಾಡಿಕೊಂಡಿದ್ದಾರೆ. ಬೆಳಗಿನ ಚಹಾ, ಶಾಲೆಗೆ ಹೋಗುವ ಮಕ್ಕಳ ಉಪ್ಪಿಟ್ಟು, ಅನಿರೀಕ್ಷಿತ ಅತಿಥಿಗಳ ಅಡಿಗೆ ಗ್ಯಾಸಿನ ಮೇಲೆ. ಸ್ನಾನದ ನೀರು, ಕಾಳು ಬೇಯಿಸುವುದು, ರೊಟ್ಟಿ ಒಲೆಯ ಮೇಲೆ. ಉರುವಲಿಗೆ ಕುಳ್ಳು, ಜಾಲಿ ಕಟ್ಟಿಗೆ, ಗೋವಿನಜೋಳದ ದಂಟು. ಕಬ್ಬಿನ ರವದಿ ಬೇಗ ಉರಿದು ಹೋಗುವುದರಿಂದ ಒಲೆ ಹೊತ್ತಿಸಲಷ್ಟೇ ಅದು ಉಪಯೋಗ. ಎಮ್ಮೆ ಕಟ್ಟಿದ ಮನೆಗೆ ಕುಳ್ಳಿನ ಚಿಂತೆಯಿಲ್ಲ. ದನ ಮಾರಿಕೊಂಡ ಮನೆ ಕುಳ್ಳನ್ನೂ ಕೊಳ್ಳಬೇಕು.

ಉತ್ತರ ಕರ್ನಾಟಕದ ಖಡಕ್ ರೊಟ್ಟಿಯನ್ನು ಪಟ್ಟಣದ ಓದುಗರು ರುಚಿಯ ವಿಷಯವಾಗಿ ಮಾತ್ರ ಬಲ್ಲರು. ಅದು ಇಂಧನ ಉಳಿತಾಯದ ಉಪಾಯವೂ ಹೌದು. ಒಮ್ಮೆ ಒಲೆ ಹೂಡಿ ಐವತ್ತು ಅರವತ್ತು ರೊಟ್ಟಿ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ದಿನಾ ಒಲೆ ಹಚ್ಚುವ ಕೆಲಸ ತಪ್ಪುತ್ತದೆ. ಜೊತೆಗೆ ಶೇಂಗಾ ಹಿಂಡಿ, ಮೊಸರು ಇದ್ದರೆ ಒಂದು ಹೊತ್ತಿನ ಊಟಕ್ಕೆ ಬೆಂಕಿಯೇ ಬೇಡ. ಸ್ವಸಹಾಯ ಸಂಘಗಳ ಮಹಿಳೆಯರು ಇದನ್ನೇ ಕಸುಬಾಗಿಸಿಕೊಂಡು ಪಟ್ಟಣದ ಖಾನಾವಳಿಗಳಿಗೆ ರೊಟ್ಟಿ ಪೂರೈಸುವುದೂ ಇದೆ. ಬೆಂಕಿಯ ಮುಂದೆ ಹೊಗೆ ಕುಡಿಯುತ್ತ ಕೂರುವ ಆ ದೇಹದ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಸಂತೆಗೆ ಯಾರು ಹೋಗಬೇಕು?

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ನಂತರ ಮನೆಯೊಳಗಿನ ಒಂದು ರೂಢಿ ಸದ್ದಿಲ್ಲದೆ ಬದಲಾಗಿದೆ. ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. 2025ರ ಜನವರಿ 5ರಿಂದ ಪುರುಷರ ಟಿಕೆಟ್ ಶೇ. 15ರಷ್ಟು ಏರಿತು. ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಗಂಡಸು ಮಾಡುತ್ತಿದ್ದ ಸಂತೆ, ಬ್ಯಾಂಕು, ದವಾಖಾನೆಯ ಓಡಾಟ ಹೆಂಗಸರ ಪಾಲಿಗೆ ಬಂದಿದೆ. ಇದನ್ನು ಹೊರೆ ಎನ್ನುವವರೂ ಇದ್ದಾರೆ, ಬಿಡುಗಡೆ ಎನ್ನುವವರೂ ಇದ್ದಾರೆ. ಗೋಕಾಕದ ಸಂತೆಗೆ ಹೋಗಿ ತಮಗೆ ಬೇಕಾದ ಕಾಯಿಪಲ್ಯೆಯನ್ನು ತಾವೇ ಚೌಕಾಸಿ ಮಾಡಿ ತರುವುದು ಎಷ್ಟೋ ಹಿರಿಯ ಹೆಣ್ಣುಮಕ್ಕಳಿಗೆ ಹೊಸ ಅನುಭವವೆಂಬುದಂತೂ ನಿಜ. ಬಸ್ಸು ಬಾರದ ತೋಟಪಟ್ಟಿಯ ಮನೆಗಳಿಗೆ ಈ ಸೌಲಭ್ಯದಿಂದ ಪ್ರಯೋಜನ ಕಡಿಮೆ. ಅಲ್ಲಿಂದ ಮುಖ್ಯ ರಸ್ತೆಯವರೆಗೆ ಟಂಟಂ ಬಾಡಿಗೆ ಕೊಡಲೇಬೇಕು.

ಬಿಲ್ಲು ಬರುವ ತನಕ

ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕು, ತಡವಾದರೆ ಶೇ. 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದೇಶ ಹಾಗೆ ಹೇಳಿದರೂ ಬಾಕಿಗಾಗಿ ಕಾರ್ಖಾನೆಗಳೆದುರು ಧರಣಿ ಕೂರುವುದು ಜಿಲ್ಲೆಯಲ್ಲಿ ಹೊಸತಲ್ಲ. ಆ ನಡುವಿನ ಅವಧಿಗೆ ಆಸರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಅಂದರೆ ಜನರ ಬಾಯಲ್ಲಿ ಪಿಕೆಪಿಎಸ್. ಅಲ್ಲಿ ಬಡ್ಡಿರಹಿತ ಬೆಳೆಸಾಲ ಸಿಗುವುದು ಹೊಲ ಇದ್ದವರಿಗೆ, ಅದೂ ಹಳೆಯ ಸಾಲ ಕಟ್ಟಿದ್ದರೆ. ಹೊಲ ಇಲ್ಲದ ಕೂಲಿಕಾರ ಕುಟುಂಬಗಳು ವಾರದ ಕಂತಿನ ಮೈಕ್ರೋ ಫೈನಾನ್ಸ್ ಕಡೆ ತಿರುಗಿದವು. ಮಕ್ಕಳ ಶಾಲೆ ಶುಲ್ಕ, ಆಸ್ಪತ್ರೆ, ಮದುವೆಗೆಂದು ತೆಗೆದ ಸಾಲ ಬೆಲೆಯೇರಿಕೆಯ ವರ್ಷಗಳಲ್ಲಿ ಕಿರಾಣಿ ಅಂಗಡಿಯ ಬಾಕಿ ತೀರಿಸಲೂ ಬಳಕೆಯಾಯಿತು. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತೆಗೆಯುವ ಹಂತ ಬಂದು, ವಸೂಲಿಯ ಕಿರುಕುಳದ ದೂರುಗಳು 2025ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿ ರಾಜ್ಯದ ಹಲವೆಡೆಯಿಂದ ಕೇಳಿಬಂದವು. ಫೆಬ್ರವರಿಯಲ್ಲಿ ಸರಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು.

ಕೈಗಡವೇ ಇಲ್ಲಿನ ಅತ್ಯಂತ ಹಳೆಯ ಬ್ಯಾಂಕು. ಕಿರಾಣಿ ಅಂಗಡಿಯ ಉದ್ರಿ ಖಾತೆಗೆ ಎರಡು ಗಡುವುಗಳಿವೆ. ಕೂಲಿಕಾರನಿಗೆ ವಾರದ ಸಂತೆಯ ದಿನ, ಕಬ್ಬಿನ ರೈತನಿಗೆ ಬಿಲ್ಲು ಜಮಾ ಆದ ದಿನ. ಎಣ್ಣೆ, ಬೇಳೆಯ ದರ ಏರಿದಾಗ ಅಂಗಡಿಯವನು ಉದ್ರಿ ನಿಲ್ಲಿಸುವುದಿಲ್ಲ. ಪಟ್ಟಿಯಲ್ಲಿ ಕಿಲೋ ಇದ್ದಲ್ಲಿ ಅರ್ಧ ಕಿಲೋ ಬರೆಯುತ್ತಾನೆ. ಬಿಲ್ಲು ಜಮಾ ಆದಾಗ ಪಿಕೆಪಿಎಸ್ ಸಾಲ ಮೊದಲೇ ಕಡಿತವಾಗಿರುತ್ತದೆ. ಉಳಿದದ್ದರಲ್ಲಿ ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರದಂಗಡಿ, ಕಿರಾಣಿ, ಈ ಕ್ರಮದಲ್ಲಿ ಬಾಕಿ ತೀರುತ್ತದೆ. ಅಷ್ಟರಲ್ಲಿ ಕುಳೆ ಕಬ್ಬು ಮೊಣಕಾಲೆತ್ತರ ಬೆಳೆದಿರುತ್ತದೆ, ಅದಕ್ಕೆ ಮೊದಲ ಗೊಬ್ಬರ ಹಾಕುವ ಹೊತ್ತೂ ಬಂದಿರುತ್ತದೆ.